ಭೌತವಿಜ್ಞಾನದ ಪಾಠಕ್ಕೆ ಮೊಬೈಲ್, ಸಿಮ್ಯುಲೇಶನ್, ನೆಟ್: ಕರಾವಳಿಯ ಹೈಸ್ಕೂಲ್ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಹತ್ತನೇ ತರಗತಿಯ ಮಕ್ಕಳಿಗೆ ಹೀಗೊಂದು ಪ್ರಶ್ನೆ ಕೇಳಿ ನೋಡಿ. ಒಂದು ಬ್ಯಾಟರಿಗೆ ಒಂದೇ ಬಗೆಯ ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿದ್ದೇವೆ. ಯಾವ ಬಲ್ಬ್ ಜಾಸ್ತಿ ಬೆಳಗುತ್ತದೆ? "ಬ್ಯಾಟರಿಗೆ ಹತ್ತಿರ ಇರುವುದು" ಎಂದು ತುಂಬ ಕೈಗಳು ಮೇಲೇಳುತ್ತವೆ. ಮೊದಲ ಬಲ್ಬ್ ಒಂದಷ್ಟು ಕರೆಂಟನ್ನು ತಿಂದುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಎಂಬುದು ಅವರ ಲೆಕ್ಕ. ಇದೇ ಮಕ್ಕಳು ಪರೀಕ್ಷೆಯಲ್ಲಿ ಓಮ್‌ನ ನಿಯಮದ ಲೆಕ್ಕವನ್ನು ಸರಿಯಾಗಿಯೇ ಬಿಡಿಸುತ್ತಾರೆ. ಸೂತ್ರ ಬಾಯಿಗೆ ಬಂದಿದೆ, ತಂತಿಯೊಳಗೆ ಏನು ನಡೆಯುತ್ತದೆ ಎಂಬ ಚಿತ್ರ ಮನಸ್ಸಿಗೆ ಬಂದಿಲ್ಲ.

ಕಣ್ಣಿಗೆ ಕಾಣದ್ದನ್ನು ಕಾಣಿಸುವ, ಸ್ಟಾಪ್‌ವಾಚಿಗೆ ಸಿಗದ್ದನ್ನು ಅಳೆಯುವ ಸಾಧನಗಳು ಈಗ ಉಚಿತವಾಗಿ ಬೇಕಾದಷ್ಟು ಸಿಗುತ್ತವೆ. ಉಡುಪಿ, ಮಂಗಳೂರು ಕಡೆಯ ಸಾಕಷ್ಟು ಹೈಸ್ಕೂಲುಗಳಲ್ಲಿ ಪ್ರೊಜೆಕ್ಟರೋ ಟಿವಿಯೋ ಇದೆ. ಶಿಕ್ಷಕರ ಕೈಯಲ್ಲಿ ಸ್ಮಾರ್ಟ್‌ಫೋನ್ ಇದ್ದೇ ಇದೆ. ಗೊಂದಲ ಇರುವುದು ಇವನ್ನು ಪಾಠದ ಯಾವ ಹೊತ್ತಿನಲ್ಲಿ ತೆರೆಯಬೇಕು ಎನ್ನುವುದರಲ್ಲಿ. ನಲವತ್ತು ನಿಮಿಷ ವಿಡಿಯೊ ಹಾಕಿ ಕೂರಿಸಿದರೆ ತರಗತಿ ಶಾಂತವಾಗಿರುತ್ತದೆ ನಿಜ. ಆದರೆ ಬಲ್ಬಿನ ಪ್ರಶ್ನೆ ಮತ್ತೆ ಕೇಳಿದರೆ ಅದೇ ಉತ್ತರ ಬರುತ್ತದೆ.

ನಾನು ಪಾಲಿಸುವ ಕ್ರಮ ಇಷ್ಟೇ. ಮೊದಲು ಮಕ್ಕಳ ಊಹೆ. ಆಮೇಲೆ ಸ್ಕ್ರೀನ್. ಅದರ ಬೆನ್ನಿಗೇ ಕೈಯಲ್ಲಿ ನಿಜವಾದ ವಸ್ತು. ಈ ಮೂರರಲ್ಲಿ ಯಾವುದನ್ನು ಬಿಟ್ಟರೂ ಪಾಠ ಕುಂಟುತ್ತದೆ.

ಹಂತ 1: ಮಕ್ಕಳು ಎಡವುವ ಜಾಗ ಯಾವುದು ಎಂದು ಗುರುತಿಸಿ

ಎಷ್ಟೋ ಸಲ ನಾವು ಉಲ್ಟಾ ಶುರು ಮಾಡುತ್ತೇವೆ. ಒಳ್ಳೆಯ ಆ್ಯಪ್ ಸಿಕ್ಕಿತು, ಇದನ್ನು ಯಾವ ಪಾಠಕ್ಕೆ ಹಾಕೋಣ ಎಂದು ಹುಡುಕುತ್ತೇವೆ. ಪಾಠದಿಂದಲೇ ಶುರು ಮಾಡಿ. ಈ ಅಧ್ಯಾಯದಲ್ಲಿ ಮಕ್ಕಳು ಪ್ರತಿ ವರ್ಷ ತಪ್ಪಾಗಿ ತಿಳಿದುಕೊಳ್ಳುವುದು ಏನು? ಅದನ್ನು ಒಂದೇ ಒಂದು ಪ್ರಶ್ನೆಯಾಗಿ ಬರೆಯಿರಿ.

ಕೆಲವು ಉದಾಹರಣೆ ಕೊಡುತ್ತೇನೆ. ಬೆಳಕಿನ ಪಾಠಕ್ಕೆ: ಪೀನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪ್ರತಿಬಿಂಬ ಅರ್ಧ ಕಾಣುತ್ತದಾ, ಪೂರ್ತಿ ಕಾಣುತ್ತದಾ? (ಪೂರ್ತಿಯೇ ಕಾಣುತ್ತದೆ, ಬೆಳಕು ಮಾತ್ರ ಕಡಿಮೆ.) ಗುರುತ್ವದ ಪಾಠಕ್ಕೆ: ತೆಂಗಿನಕಾಯಿ ಮತ್ತು ಅಡಿಕೆಯನ್ನು ಒಂದೇ ಎತ್ತರದಿಂದ ಒಟ್ಟಿಗೆ ಬಿಟ್ಟರೆ ಮೊದಲು ನೆಲ ಮುಟ್ಟುವುದು ಯಾವುದು? ಚಲನೆಯ ಪಾಠಕ್ಕೆ: ಮೇಲಕ್ಕೆಸೆದ ಚೆಂಡು ತುದಿ ತಲುಪಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ ಸೊನ್ನೆಯಾ? ತೇಲುವಿಕೆಗೆ: ಮಲ್ಪೆಯ ಬಂದರಿನಿಂದ ದೋಣಿ ಹೊಳೆಯ ಸಿಹಿನೀರಿಗೆ ಬಂದರೆ ಇನ್ನಷ್ಟು ಮುಳುಗುತ್ತದಾ, ಮೇಲೇಳುತ್ತದಾ? ಇಂಥ ಪ್ರಶ್ನೆ ಸಿಕ್ಕ ಮೇಲೆ ಸಾಧನ ಹುಡುಕುವುದು ಸುಲಭ.

ಹಂತ 2: ನೆಟ್ ಕೈಕೊಟ್ಟರೂ ನಡೆಯುವಂತೆ ತಯಾರಾಗಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕರೆಂಟು, ನೆಟ್ ಎರಡನ್ನೂ ನಂಬಿ ಪಾಠ ಮಾಡಲು ಆಗುವುದಿಲ್ಲ. ಹಾಗಾಗಿ ಆನ್‌ಲೈನ್ ಸಾಧನವನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬರುವುದು ಒಳ್ಳೆಯದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಿಗೆ ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳಿಗೆ ಇದು ತುಂಬ ಸುಲಭ. ಪ್ರತಿ ಸಿಮ್ಯುಲೇಶನ್‌ನ ಪುಟದಲ್ಲೂ ಡೌನ್‌ಲೋಡ್ ಗುಂಡಿ ಇರುತ್ತದೆ. ಒತ್ತಿದರೆ ಒಂದೇ ಒಂದು ಫೈಲ್ ಇಳಿಯುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಶಾಲೆಯ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ತೆರೆದರೆ ಆಯಿತು, ನೆಟ್ ಬೇಡ. ವರ್ಷದ ಆರಂಭದಲ್ಲೇ ಕೂತು ಎಂಟು, ಒಂಬತ್ತು, ಹತ್ತನೇ ತರಗತಿಗೆ ಬೇಕಾದ್ದನ್ನೆಲ್ಲ ಇಳಿಸಿ ಪಾಠದ ಹೆಸರಿನಲ್ಲಿ ಫೋಲ್ಡರ್ ಮಾಡಿಡಿ.

ವಿಡಿಯೊ ತೋರಿಸುವುದಿದ್ದರೂ ಮೊದಲೇ ಉಳಿಸಿಕೊಳ್ಳಿ. ಪೂರ್ತಿ ನೀವೇ ಒಮ್ಮೆ ನೋಡಿ, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಬೇಕು ಎಂದು ಬರೆದಿಡಿ. ಎರಡು ನಿಮಿಷಕ್ಕಿಂತ ಜಾಸ್ತಿ ಬೇಕಾಗುವುದು ಅಪರೂಪ.

ಪ್ರೊಜೆಕ್ಟರ್ ಇಲ್ಲದ ಶಾಲೆಯವರು ಬೇಸರ ಪಡಬೇಕಿಲ್ಲ. ಐದು ಮಂದಿಯ ಗುಂಪು ಮಾಡಿ, ಒಂದು ಗುಂಪು ಲ್ಯಾಪ್‌ಟಾಪಿನ ಮುಂದೆ, ಉಳಿದವರು ಅದೇ ಪ್ರಯೋಗವನ್ನು ವಸ್ತುಗಳಲ್ಲಿ ಮಾಡುತ್ತಿರಲಿ. ಹತ್ತು ನಿಮಿಷಕ್ಕೊಮ್ಮೆ ಬದಲಾಯಿಸಿ. ನಿಜ ಹೇಳಬೇಕೆಂದರೆ, ದೊಡ್ಡ ಪರದೆಗಿಂತ ಹೀಗೆ ಮಾಡಿದಾಗಲೇ ಹಿಂದಿನ ಬೆಂಚಿನ ಮಕ್ಕಳ ಕೈಗೂ ಮೌಸ್ ಸಿಗುತ್ತದೆ.

ಇನ್ನೊಂದು ಮಾತು. ಏಪ್ರಿಲ್-ಮೇ, ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಜಾಸ್ತಿ. ಗುಡುಗು ಕೇಳಿದ ಕೂಡಲೇ ಪ್ರೊಜೆಕ್ಟರ್, ಲ್ಯಾಪ್‌ಟಾಪಿನ ಪ್ಲಗ್ ತೆಗೆದುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹಂತ 3: ಯಾವುದಕ್ಕೆ ಯಾವುದು

ಫೆಟ್ ಎಲ್ಲಕ್ಕಿಂತ ಮೊದಲು. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಇದನ್ನು ಶುರು ಮಾಡಿದರು. ಇಲ್ಲಿ ಮಕ್ಕಳು ಸುಮ್ನೆ ನೋಡುವುದಿಲ್ಲ, ಎಳೆದು, ಜೋಡಿಸಿ, ಬದಲಾಯಿಸಿ ನೋಡುತ್ತಾರೆ. ವಿದ್ಯುತ್ ಮಂಡಲ, ಮಸೂರ-ದರ್ಪಣ, ಲೋಲಕ, ಬಲ ಮತ್ತು ಚಲನೆ, ತೇಲುವಿಕೆ, ದಾರದ ಮೇಲಿನ ತರಂಗ, ಫ್ಯಾರಡೆಯ ನಿಯಮ, ಹೀಗೆ ಹೈಸ್ಕೂಲ್ ಭೌತವಿಜ್ಞಾನದ ಬಹುಪಾಲು ಇದರಲ್ಲಿದೆ. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಸಿಗುತ್ತವೆ. ಆಯಾ ಪುಟದ ಭಾಷೆಗಳ ಪಟ್ಟಿಯಲ್ಲಿ ನೋಡಿ.

ಫೈಫಾಕ್ಸ್ ನನ್ನ ಅಚ್ಚುಮೆಚ್ಚಿನ ಆ್ಯಪ್. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ. ನಮ್ಮ ಫೋನಿನೊಳಗೆ ವೇಗೋತ್ಕರ್ಷ, ಕಾಂತಕ್ಷೇತ್ರ, ಬೆಳಕು, ಶಬ್ದ ಅಳೆಯುವ ಸೆನ್ಸರ್‌ಗಳು ಇರುತ್ತವಲ್ಲ, ಅವನ್ನೆಲ್ಲ ಇದು ಪ್ರಯೋಗಾಲಯದ ಮಾಪಕಗಳನ್ನಾಗಿ ಮಾಡಿಕೊಡುತ್ತದೆ. ಇನ್ನೊಂದು ಅನುಕೂಲ ಇದೆ. ಆ್ಯಪಿನ ಮೂರು ಚುಕ್ಕಿಯ ಮೆನುವಿನಲ್ಲಿ ರಿಮೋಟ್ ಆ್ಯಕ್ಸೆಸ್ ಎಂದಿರುತ್ತದೆ. ಅದನ್ನು ಒತ್ತಿದರೆ ಒಂದು ವಿಳಾಸ ತೋರಿಸುತ್ತದೆ. ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದ ಲ್ಯಾಪ್‌ಟಾಪಿನಲ್ಲಿ ಆ ವಿಳಾಸ ಹಾಕಿದರೆ ಫೋನಿನ ಗ್ರಾಫ್ ಪರದೆಯ ಮೇಲೆ ಬರುತ್ತದೆ.

ಸರ್ಕಾರದ ಡಿಜಿಟಲ್ ಕಲಿಕಾ ತಾಣ ದೀಕ್ಷಾ 2017ರಿಂದ ಇದೆ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ಬರುತ್ತದೆ. ಮಕ್ಕಳು ಮನೆಯಲ್ಲಿ ಪುನರಾವರ್ತನೆ ಮಾಡಲು ಒಳ್ಳೆಯದು. ಓಲ್ಯಾಬ್ಸ್ ಎಂಬ ಆನ್‌ಲೈನ್ ಪ್ರಯೋಗಾಲಯ ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡಾಕ್ ಸೇರಿ ಮಾಡಿದ್ದು. 9ರಿಂದ 12ನೇ ತರಗತಿಯ ಪ್ರಯೋಗಗಳು ವಿಧಾನ, ಸಿದ್ಧಾಂತ ಎಲ್ಲ ಸೇರಿ ಅಲ್ಲಿವೆ. ಪಿಯುಸಿ ಮಕ್ಕಳು ಲ್ಯಾಬಿಗೆ ಹೋಗುವ ಹಿಂದಿನ ದಿನ ನೋಡಿಕೊಂಡರೆ ಸಾಕಷ್ಟು ಉಪಕಾರ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಶಿಕ್ಷಕರಿಗಾಗಿ ಕನ್ನಡದ ಸಾಮಗ್ರಿ ಇದೆ. ಅರವಿಂದ ಗುಪ್ತ ಅವರ ತಾಣದಲ್ಲಿ ಕಸದಿಂದ ಮಾಡುವ ಆಟಿಕೆಗಳ ಪುಟ್ಟ ಪುಟ್ಟ ವಿಡಿಯೊಗಳಿವೆ. ಅವನ್ನು ತೋರಿಸಿ ಬಿಡಬೇಡಿ, ಮಾಡಿಸಿ. ಆಕಾಶಕ್ಕೆ ಸ್ಟೆಲೇರಿಯಮ್, ಯಾವ ಊರಿನ ಯಾವ ಹೊತ್ತಿನ ಆಕಾಶವನ್ನೂ ತೋರಿಸುವ ಸಾಫ್ಟ್‌ವೇರ್. ಊರನ್ನು ಮಂಗಳೂರು ಎಂದು ಕೊಟ್ಟು, ದಿನಾಂಕವನ್ನು 2019ರ ಡಿಸೆಂಬರ್ 26ಕ್ಕೆ ತಿರುಗಿಸಿ, ಬೆಳಿಗ್ಗೆ 8ರಿಂದ 11ರವರೆಗೆ ಓಡಿಸಿ. ನಮ್ಮೂರಿನಲ್ಲಿ ಕಂಡ ಕಂಕಣ ಸೂರ್ಯಗ್ರಹಣ ಮತ್ತೆ ಕಾಣುತ್ತದೆ. ಈಗಿನ ಹೈಸ್ಕೂಲ್ ಮಕ್ಕಳು ಆಗ ಚಿಕ್ಕವರು, ಕುತೂಹಲದಿಂದ ನೋಡುತ್ತಾರೆ.

ಇಷ್ಟೂ ಒಟ್ಟಿಗೆ ಬೇಡ. ಮೊದಲ ವರ್ಷಕ್ಕೆ ಫೆಟ್ ಮತ್ತು ಫೈಫಾಕ್ಸ್ ಎರಡೇ ಸಾಕು.

ಹಂತ 4: ಒಂದು ಪೀರಿಯಡ್ ಹೀಗೆ ನಡೆಸಿ

ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳೋಣ. ಫೆಟ್‌ನಲ್ಲಿ ನೇರ ವಿದ್ಯುತ್ತಿನ ಮಂಡಲ ಕಟ್ಟುವ ಕಿಟ್ ಇದೆ. ಆದರೆ ಮೊದಲ ಹತ್ತು ನಿಮಿಷ ಪ್ರೊಜೆಕ್ಟರ್ ಆನ್ ಮಾಡಬೇಡಿ.

ಕಪ್ಪುಹಲಗೆಯ ಮೇಲೆ ಬ್ಯಾಟರಿ, ಎರಡು ಬಲ್ಬಿನ ಚಿತ್ರ ಬರೆಯಿರಿ. ಮೂರು ಆಯ್ಕೆ ಕೊಡಿ: ಮೊದಲನೆಯದು ಜಾಸ್ತಿ, ಎರಡನೆಯದು ಜಾಸ್ತಿ, ಎರಡೂ ಸಮ. ಪ್ರತಿ ಮಗು ತನ್ನ ಊಹೆಯನ್ನು ಪುಸ್ತಕದಲ್ಲಿ ಪೆನ್ನಿನಿಂದ ಬರೆಯಲಿ, ಪೆನ್ಸಿಲ್ ಬೇಡ. ಬರೆಯದ ಊಹೆ ಉತ್ತರ ಕಂಡ ಕೂಡಲೇ ಬದಲಾಗಿಬಿಡುತ್ತದೆ. ಆಮೇಲೆ ಪಕ್ಕದವರ ಜೊತೆ ವಾದ ಮಾಡಲು ಬಿಡಿ. ತುಳುವಿನಲ್ಲೋ, ಕೊಂಕಣಿಯಲ್ಲೋ, ಬ್ಯಾರಿಯಲ್ಲೋ ಮಾತಾಡಿಕೊಳ್ಳಲಿ. ಮಗು ಕಾರಣ ಕೊಡುವುದು ಮುಖ್ಯ, ಅದಕ್ಕೆ ಮನೆಮಾತೇ ಸಲೀಸು. ಯಾರು ಸರಿ ಎಂದು ನೀವು ಹೇಳಬೇಡಿ. ಮುಖದಲ್ಲೂ ತೋರಿಸಬೇಡಿ, ಮಕ್ಕಳು ನಮ್ಮ ಮುಖ ಓದುವುದರಲ್ಲಿ ಜಾಣರು.

ಈಗ ಸ್ಕ್ರೀನ್. ಒಬ್ಬ ವಿದ್ಯಾರ್ಥಿಯನ್ನು ಕರೆದು ಮಂಡಲ ಕಟ್ಟಿಸಿ. ಈ ಕಿಟ್‌ನಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬ್ 10 ಓಮ್ ಎಂದು ಮೊದಲೇ ಇರುತ್ತದೆ. ಒಂದೇ ಬಲ್ಬ್ ಇದ್ದಾಗ ಅಮ್ಮೀಟರ್ 0.9 ಆಂಪಿಯರ್ ತೋರಿಸುತ್ತದೆ. ಎರಡನೆಯದನ್ನು ಸರಣಿಯಲ್ಲಿ ಸೇರಿಸಿದರೆ 0.45. ಇನ್ನು ಮುಖ್ಯವಾದ ಗಳಿಗೆ. ಅಮ್ಮೀಟರನ್ನು ಮೊದಲ ಬಲ್ಬಿನ ಮುಂಚೆ ಇಡಿಸಿ, ಎರಡರ ನಡುವೆ ಇಡಿಸಿ, ಎರಡನೆಯದರ ಆಚೆ ಇಡಿಸಿ. ಮೂರೂ ಕಡೆ 0.45. "ಹಾಗಾದರೆ ಕರೆಂಟ್ ಎಲ್ಲೂ ಖರ್ಚಾಗಲೇ ಇಲ್ವಾ ಸರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ಬಂದರೆ ಪೀರಿಯಡ್ ಸಾರ್ಥಕ. ಖರ್ಚಾಗುವುದು ಶಕ್ತಿ, ವಿದ್ಯುದಾವೇಶ (ಚಾರ್ಜ್) ಅಲ್ಲ ಎಂಬುದನ್ನು ಆಗ ಹೇಳಿ. ವೋಲ್ಟ್‌ಮೀಟರ್ ಇಡಿಸಿದರೆ ಪ್ರತಿ ಬಲ್ಬಿಗೂ 4.5 ವೋಲ್ಟ್ ಕಾಣುತ್ತದೆ. ವಿಭವಾಂತರ (ವೋಲ್ಟೇಜ್) ಹಂಚಿಹೋಗಿದೆ, ಪ್ರವಾಹ (ಕರೆಂಟ್) ಒಂದೇ ಇದೆ.

ಇದೇ ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿದರೆ ಒಂದೊಂದರಲ್ಲಿ 0.9, ಬ್ಯಾಟರಿಯಿಂದ ಒಟ್ಟು 1.8 ಆಂಪಿಯರ್. ಒಂದು ಬಲ್ಬ್ ಕಿತ್ತರೂ ಇನ್ನೊಂದು ಬೆಳಗುತ್ತಲೇ ಇರುತ್ತದೆ. ಅಡುಗೆಮನೆಯ ಬಲ್ಬ್ ಹೋದರೆ ಚಾವಡಿಯ ಬಲ್ಬ್ ಯಾಕೆ ಆರುವುದಿಲ್ಲ ಎಂದು ಈಗ ಅವರೇ ಹೇಳುತ್ತಾರೆ. ಕೊನೆಗೆ ಬ್ಯಾಟರಿಯ ಎರಡು ತುದಿಗೆ ನೇರ ತಂತಿ ಜೋಡಿಸಲು ಬಿಡಿ. ಪರದೆಯಲ್ಲಿ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಶಾರ್ಟ್ ಸರ್ಕ್ಯೂಟನ್ನು ಇಷ್ಟು ಕ್ಷೇಮವಾಗಿ ತೋರಿಸುವ ದಾರಿ ಬೇರೆ ಇಲ್ಲ.

ಕೊನೆಯ ಹತ್ತು ನಿಮಿಷ ನಿಜವಾದ ಬಲ್ಬಿಗೆ. ಹಳೆಯ ಮಾದರಿಯ ಟಾರ್ಚ್ ಬಲ್ಬ್ ಎರಡು, ಡ್ರೈ ಸೆಲ್ ಎರಡು, ತಂತಿ ಒಂದಷ್ಟು. ಎಲ್‌ಇಡಿ ಬೇಡ, ಅದು ಓಮ್‌ನ ನಿಯಮದ ಪ್ರಕಾರ ನಡೆಯುವುದಿಲ್ಲ, ಉಲ್ಟಾ ಹಾಕಿದರೆ ಬೆಳಗುವುದೂ ಇಲ್ಲ. ತಂತಿ ಬಲ್ಬ್ ಈಗ ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ. ಹಳೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ ನೋಡಿ. ಇಲ್ಲೊಂದು ಸ್ವಾರಸ್ಯ ಇದೆ. ನಿಜವಾದ ಎರಡು ಬಲ್ಬುಗಳು ಪೂರ್ತಿ ಒಂದೇ ಥರ ಇರುವುದಿಲ್ಲ, ಹಾಗಾಗಿ ಒಂದು ತುಸು ಜಾಸ್ತಿ ಬೆಳಗಬಹುದು. "ನೋಡಿ ಸರ್, ಹತ್ತಿರದ್ದೇ ಜಾಸ್ತಿ!" ಎಂದು ಕೂಗು ಏಳುತ್ತದೆ. ಗಾಬರಿಯಾಗಬೇಡಿ. ಎರಡು ಬಲ್ಬಿನ ಜಾಗ ಅದಲು ಬದಲು ಮಾಡಲು ಹೇಳಿ. ಜಾಸ್ತಿ ಬೆಳಗುವ ಬಲ್ಬ್ ದೂರ ಹೋದರೂ ಜಾಸ್ತಿಯೇ ಬೆಳಗುತ್ತದೆ. ಕಾರಣ ಬಲ್ಬಿನಲ್ಲಿದೆ, ಜಾಗದಲ್ಲಿ ಇಲ್ಲ. ಪ್ರಯೋಗ ಮಾಡುವುದು ಎಂದರೇನು ಎಂದು ಆ ಒಂದು ಅದಲು ಬದಲಿನಲ್ಲಿ ಮಕ್ಕಳಿಗೆ ತಿಳಿಯುತ್ತದೆ. ಯಾವ ಸಿಮ್ಯುಲೇಶನ್ನೂ ಇದನ್ನು ಕೊಡಲಾರದು, ಅಲ್ಲಿ ಬಲ್ಬುಗಳೆಲ್ಲ ಅಚ್ಚು ಹೊಡೆದ ಹಾಗೆ ಒಂದೇ.

ಹಂತ 5: ಫೋನನ್ನು ಅಳತೆಯ ಸಾಧನ ಮಾಡಿ

ಶಬ್ದದ ವೇಗವನ್ನು ಶಾಲೆಯ ಜಗಲಿಯಲ್ಲೇ ಅಳೆಯಬಹುದು ಎಂದರೆ ಮಕ್ಕಳು ನಂಬುವುದಿಲ್ಲ. ಬೇಕಾದ್ದು ಎರಡು ಫೋನ್, ಒಂದು ಅಳತೆ ಟೇಪ್, ಚಪ್ಪಾಳೆ ತಟ್ಟಲು ಇಬ್ಬರು.

ಎರಡೂ ಫೋನಿನಲ್ಲಿ ಫೈಫಾಕ್ಸ್‌ನ ಅಕೌಸ್ಟಿಕ್ ಸ್ಟಾಪ್‌ವಾಚ್ ತೆರೆಯಿರಿ. ಇದು ಒಂದು ಸದ್ದಿಗೆ ಶುರುವಾಗಿ ಮುಂದಿನ ಸದ್ದಿಗೆ ನಿಲ್ಲುವ ಗಡಿಯಾರ. ಫೋನ್‌ಗಳನ್ನು ಸರಿಯಾಗಿ 5 ಮೀಟರ್ ದೂರದಲ್ಲಿಡಿ. ಮೊದಲ ಫೋನಿನ ಪಕ್ಕ ನಿಂತವನು ಜೋರಾಗಿ ಒಂದು ಚಪ್ಪಾಳೆ ತಟ್ಟಲಿ. ಆ ಫೋನ್ ಕೂಡಲೇ ಶುರುವಾಗುತ್ತದೆ. ಸದ್ದು 5 ಮೀಟರ್ ಸಾಗಿದ ಮೇಲೆ ಎರಡನೆಯದು ಶುರುವಾಗುತ್ತದೆ. ಒಂದೆರಡು ಸೆಕೆಂಡ್ ಬಿಟ್ಟು ಎರಡನೇ ಫೋನಿನ ಪಕ್ಕದವಳು ತಟ್ಟಲಿ. ಈ ಸಲ ಎರಡನೆಯದು ಕೂಡಲೇ ನಿಲ್ಲುತ್ತದೆ, ಮೊದಲನೆಯದು ಸ್ವಲ್ಪ ತಡವಾಗಿ. ಅಂದರೆ ಮೊದಲ ಫೋನಿನ ಸಮಯ ಜಾಸ್ತಿ ಇರುತ್ತದೆ. ಎಷ್ಟು ಜಾಸ್ತಿ? ಸದ್ದು 5 ಮೀಟರನ್ನು ಹೋಗಿ ಬರುವಷ್ಟು, ಅಂದರೆ 10 ಮೀಟರ್ ಸಾಗುವಷ್ಟು.

ಉದಾಹರಣೆಗೆ ಒಂದರಲ್ಲಿ 2.431 ಸೆಕೆಂಡ್, ಇನ್ನೊಂದರಲ್ಲಿ 2.402 ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.029. ಹತ್ತನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 345 ಮೀಟರ್. ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿಯಲ್ಲಿ 331, 22 ಡಿಗ್ರಿಯಲ್ಲಿ 344. ನಮ್ಮ ಕಡೆಯ 30 ಡಿಗ್ರಿ ಸೆಖೆಯಲ್ಲಿ ಸುಮಾರು 349. ಹಾಗಾಗಿ ಮಕ್ಕಳಿಗೆ 344ಕ್ಕಿಂತ ಜಾಸ್ತಿ ಬಂದರೆ ತಪ್ಪು ಎಂದು ಹೊಡೆದು ಹಾಕಬೇಡಿ. ನಮ್ಮ ಗಾಳಿಗೆ ಅದೇ ಸರಿ.

ತಪ್ಪುಗಳ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. 0.029ರ ಜಾಗದಲ್ಲಿ 0.028 ಬಂದರೆ ಉತ್ತರ 357 ಆಗಿಬಿಡುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗ ಆಚೀಚೆಯಾದರೆ 12 ಮೀಟರ್ ವ್ಯತ್ಯಾಸ! ಇದನ್ನು ಕಡಿಮೆ ಮಾಡುವುದು ಹೇಗೆ? ಫೋನ್‌ಗಳನ್ನು 10 ಮೀಟರ್ ದೂರ ಇಡುವುದು, ಹಲವು ಸಲ ಮಾಡಿ ಸರಾಸರಿ ತೆಗೆಯುವುದು. ಎರಡನ್ನೂ ಮಕ್ಕಳೇ ಹೇಳುತ್ತಾರೆ, ಸ್ವಲ್ಪ ಹೊತ್ತು ಕಾಯಬೇಕು ಅಷ್ಟೆ. ಪಕ್ಕದ ತರಗತಿಯ ಗಲಾಟೆಗೆ ಗಡಿಯಾರ ಶುರುವಾಗುತ್ತಿದ್ದರೆ ಆ್ಯಪಿನಲ್ಲಿ ಥ್ರೆಶೋಲ್ಡನ್ನು, ಅಂದರೆ ಗಡಿಯಾರ ಶುರುವಾಗಲು ಬೇಕಾದ ಸದ್ದಿನ ಮಟ್ಟವನ್ನು ಹೆಚ್ಚಿಸಿ. ಶೀಟು ಹಾಕಿದ ಮಾಡಿನ ಮೇಲೆ ಮಳೆ ಸುರಿಯುವಾಗ ಮಾತ್ರ ಈ ಪ್ರಯೋಗಕ್ಕೆ ಕೈ ಹಾಕಬೇಡಿ.

ಫೋನಿನಲ್ಲಿ ಮಾಡಬಹುದಾದ ಇನ್ನೂ ಕೆಲವು ಇವೆ. ಕಾಂತಕ್ಷೇತ್ರ ಅಳೆಯುವ ಪ್ರಯೋಗ ತೆರೆದರೆ, ಹತ್ತಿರ ಕಬ್ಬಿಣ ಇಲ್ಲದ ಕಡೆ ಸುಮಾರು 40 ಮೈಕ್ರೊಟೆಸ್ಲಾ ತೋರಿಸುತ್ತದೆ. ಅದು ಭೂಮಿಯದ್ದು. ಫೋನಿನಿಂದ 1 ಸೆಂಟಿಮೀಟರ್ ದೂರದಲ್ಲಿ ತಂತಿ ಹಿಡಿದು 2 ಆಂಪಿಯರ್ ಹರಿಸಿದರೆ ಆ ತಂತಿಯ ಕ್ಷೇತ್ರವೂ ಅಷ್ಟೇ ಆಗುತ್ತದೆ. ಅರ್ಸ್ಟೆಡ್ 1820ರಲ್ಲಿ ದಿಕ್ಸೂಚಿಯ ಮುಳ್ಳು ತಿರುಗಿದ್ದನ್ನು ನೋಡಿದ ಪ್ರಯೋಗ ಇದೇ, ಇಲ್ಲಿ ಮುಳ್ಳಿನ ಬದಲು ಸಂಖ್ಯೆ ಏರುತ್ತದೆ. ತಂತಿ ಬಿಸಿಯಾಗುತ್ತದೆ, ಒಂದೆರಡು ಸೆಕೆಂಡ್ ಸಾಕು. ಜೋರಾದ ಆಯಸ್ಕಾಂತವನ್ನು ಫೋನಿನ ಹತ್ತಿರ ತರಬೇಡಿ. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುವ ಫೋನಾದರೆ ಪ್ರವಾಸದ ದಿನ ಬಸ್ಸು ಆಗುಂಬೆ ಘಾಟಿ ಹತ್ತುವಾಗ ಆನ್ ಮಾಡಿಡಿ. ಪ್ರತಿ 100 ಮೀಟರ್ ಏರಿಗೆ ಸುಮಾರು 11 ಹೆಕ್ಟೊಪ್ಯಾಸ್ಕಲ್ ಇಳಿಯುತ್ತ ಹೋಗುವುದನ್ನು ಮಕ್ಕಳು ಸೀಟಿನಲ್ಲಿ ಕೂತೇ ನೋಡಬಹುದು.

ಹಂತ 6: ಸ್ಕ್ರೀನ್ ಎಲ್ಲಿ ನಿಜ ಹೇಳುವುದಿಲ್ಲ ಎಂದೂ ಕಲಿಸಿ

ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಫೆಟ್‌ನ ತಂತಿಯಲ್ಲಿ ಎಲೆಕ್ಟ್ರಾನ್‌ಗಳು ನೀಲಿ ಗುಂಡುಗಳ ಹಾಗೆ ಸರಸರ ಓಡುತ್ತವೆ. ನಿಜವಾದ ತಂತಿಯಲ್ಲಿ ಅವು ಮುಂದೆ ಸರಿಯುವುದು ತೀರ ನಿಧಾನ, ಸೆಕೆಂಡಿಗೆ 1 ಮಿಲಿಮೀಟರಿನ ಆಸುಪಾಸು. ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಬೆಳಗುವುದು ತಂತಿಯ ಉದ್ದಕ್ಕೂ ಇರುವ ಎಲೆಕ್ಟ್ರಾನ್‌ಗಳು ಒಟ್ಟಿಗೆ ಹೊರಡುವುದರಿಂದ. ಸೌರಮಂಡಲದ ಆ್ಯನಿಮೇಶನ್‌ಗಳಲ್ಲಿ ಗ್ರಹಗಳ ಗಾತ್ರ ಮತ್ತು ದೂರ ಎರಡೂ ಒಂದೇ ಅಳತೆಯಲ್ಲಿ ಇರುವುದು ಅಪರೂಪ, ಇದ್ದರೆ ಗ್ರಹಗಳು ಕಣ್ಣಿಗೆ ಕಾಣಿಸುವುದೇ ಇಲ್ಲ. ಪ್ರತಿ ಸಿಮ್ಯುಲೇಶನ್ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: "ಇದರಲ್ಲಿ ನಿಜವಾದ ಹಾಗೆ ಇಲ್ಲದ್ದು ಯಾವುದು?" ಹೀಗೆ ಕೇಳುವ ಅಭ್ಯಾಸವಾದ ಮಕ್ಕಳು ಪಠ್ಯಪುಸ್ತಕದ ಚಿತ್ರವನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ.

ಎಐ ಚಾಟ್ ಆ್ಯಪ್‌ಗಳಿಗೂ ಇದೇ ಮಾತು. ಬಹುಆಯ್ಕೆಯ ಪ್ರಶ್ನೆ ತಯಾರಿಸಲು ನನಗೂ ಅವು ಉಪಯೋಗಕ್ಕೆ ಬರುತ್ತವೆ. ಆದರೆ ಲೆಕ್ಕದ ಉತ್ತರ, ಅಳತೆಯ ಏಕಮಾನ, ಕನ್ನಡದ ಪಾರಿಭಾಷಿಕ ಪದ ಮೂರನ್ನೂ ನೀವೇ ಪರೀಕ್ಷಿಸದೆ ತರಗತಿಗೆ ತರಬೇಡಿ.

ಹಂತ 7: ಮಳೆ ರಜೆಯ ದಿನಕ್ಕೊಂದು ಕೆಲಸ ಇಟ್ಟುಕೊಳ್ಳಿ

ರೆಡ್ ಅಲರ್ಟ್ ಬಂತು, ಜಿಲ್ಲಾಧಿಕಾರಿಗಳು ರಜೆ ಸಾರಿದರು. ಜುಲೈಯಲ್ಲಿ ಇದು ನಮಗೆ ಹೊಸದೇನಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉದ್ದದ ವಿಡಿಯೊ ಲಿಂಕ್ ಹಾಕಿದರೆ ಹೆಚ್ಚಿನ ಮನೆಯಲ್ಲಿ ತೆರೆಯುವವರಿಲ್ಲ. ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ, ಇಲ್ಲವೇ ಅಣ್ಣ-ತಂಗಿ ಹಂಚಿಕೊಳ್ಳಬೇಕು. ಒಂದು ಫೋಟೊದಲ್ಲಿ, ಒಂದು ಸಾಲಿನ ಉತ್ತರದಲ್ಲಿ ಮುಗಿಯುವ ಕೆಲಸ ಕೊಡಿ.

ಮಳೆಯನ್ನೇ ಅಳೆಸಿ. ನೇರ ಗೋಡೆಯ ಪಾತ್ರೆ ಅಂಗಳದಲ್ಲಿಟ್ಟು ಎಷ್ಟು ಮಿಲಿಮೀಟರ್ ತುಂಬಿತು ಎಂದು ಸ್ಕೇಲಿನಲ್ಲಿ ನೋಡಲಿ. 1 ಚದರ ಮೀಟರಿಗೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್, 1 ಕಿಲೋಗ್ರಾಂ. 100 ಚದರ ಮೀಟರಿನ ಮಾಡಿನ ಮೇಲೆ 100 ಮಿಲಿಮೀಟರ್ ಬಿದ್ದರೆ 10 ಟನ್ ನೀರು. ಮಾಡು ಇಳಿಜಾರಾಗಿ ಯಾಕಿದೆ ಎಂದು ಅವರೇ ಬರೆಯಲಿ. ತಾವು ಅಳೆದದ್ದನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ತಾಣದಲ್ಲಿ ಬರುವ ಮಳೆ ಅಂಕಿಯ ಜೊತೆ ಹೋಲಿಸಲಿ. ಗುಡುಗಿನ ದಿನವಾದರೆ ಮನೆಯೊಳಗೆ ಕೂತೇ ಮಿಂಚು ಕಂಡದ್ದಕ್ಕೂ ಗುಡುಗು ಕೇಳಿದ್ದಕ್ಕೂ ನಡುವಿನ ಸೆಕೆಂಡ್ ಎಣಿಸಲಿ. ಮೂರು ಸೆಕೆಂಡಿಗೆ ಸುಮಾರು 1 ಕಿಲೋಮೀಟರ್. ಪಾತ್ರೆ ನೋಡಲು ಅಂಗಳಕ್ಕಿಳಿಯುವುದು ಗುಡುಗು ನಿಂತ ಮೇಲೆ ಮಾತ್ರ ಎಂದು ಮೊದಲೇ ಹೇಳಿಡಿ.

ಮಕ್ಕಳ ಮುಖ ಕಾಣುವ ವಿಡಿಯೊ, ಫೋಟೊ ಎಲ್ಲೂ ಹಾಕಬೇಡಿ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಲಾಗಿನ್ ಕೇಳದ ಸಾಧನಗಳನ್ನೇ ಆರಿಸಿಕೊಂಡರೆ ಈ ತಲೆಬಿಸಿಯೇ ಇಲ್ಲ. ಫೆಟ್, ಫೈಫಾಕ್ಸ್ ಎರಡಕ್ಕೂ ಮಕ್ಕಳು ಲಾಗಿನ್ ಆಗಬೇಕಿಲ್ಲ.

ಹಂತ 8: ದೂರದ ಊರಿನ ಶಾಲೆಯ ಜೊತೆ ಸೇರಿ ಭೂಮಿಯನ್ನು ಅಳೆಯಿರಿ

ನೆಟ್‌ನ ನಿಜವಾದ ಬಲ ಇರುವುದು ಇಲ್ಲಿ. ಒಂದೇ ಶಾಲೆಯಲ್ಲಿ ಕೂತು ಮಾಡಲಾಗದ್ದನ್ನು ಎರಡು ಶಾಲೆ ಸೇರಿ ಮಾಡಬಹುದು. ಬೆಳಗಾವಿ ಮಂಗಳೂರಿಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಮಂಗಳೂರಿನ ಅಕ್ಷಾಂಶ ಸುಮಾರು 12.9 ಡಿಗ್ರಿ, ಬೆಳಗಾವಿಯದ್ದು ಸುಮಾರು 15.9. ಗೂಗಲ್ ಮ್ಯಾಪ್‌ನಲ್ಲಿ ದೂರ ಅಳೆಯುವ ಸೌಲಭ್ಯ ಬಳಸಿದರೆ ನೇರ ಗೆರೆಯಲ್ಲಿ ಸುಮಾರು 330 ಕಿಲೋಮೀಟರ್ ಬರುತ್ತದೆ.

ಎರಡೂ ಶಾಲೆಯವರು ಒಂದೇ ದಿನ 1 ಮೀಟರ್ ಉದ್ದದ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ. ತೂಗುಗುಂಡು ಹಿಡಿದು ನೆಟ್ಟಗಿದೆಯೇ ನೋಡಿ. 12 ಗಂಟೆ 15 ನಿಮಿಷದಿಂದ 12 ಗಂಟೆ 45ರವರೆಗೆ ಎರಡೆರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ಎಲ್ಲಕ್ಕಿಂತ ಗಿಡ್ಡ ನೆರಳು ನಮ್ಮ ಊರಿನ ನಿಜವಾದ ನಡುಮಧ್ಯಾಹ್ನದ್ದು. ಅದು ಗಡಿಯಾರದ 12ಕ್ಕೆ ಬರುವುದಿಲ್ಲ, ಅರ್ಧ ಗಂಟೆ ತಡ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಮಂಗಳೂರು 74.8ರಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ ಲೆಕ್ಕ ಹಾಕಿಸಿ.

ಡಿಸೆಂಬರ್ 22ರ ಸುಮಾರಿಗೆ ಮಾಡಿದರೆ ಮಂಗಳೂರಿನ ನೆರಳು 73 ಸೆಂಟಿಮೀಟರ್, ಬೆಳಗಾವಿಯದ್ದು 82 ಸೆಂಟಿಮೀಟರ್ ಹತ್ತಿರ ಬರಬೇಕು. ಆಕಾಶವೂ ಆಗ ಶುಭ್ರ. ಕೋಲು ಮತ್ತು ನೆರಳು ಸೇರಿ ಆಗುವ ಎರಡೂ ತ್ರಿಭುಜಗಳನ್ನು ಗ್ರಾಫ್ ಹಾಳೆಯಲ್ಲಿ ಬರೆದು ಕೋಲಿನ ಮೇಲ್ತುದಿಯ ಕೋನವನ್ನು ಕೋನಮಾಪಕದಿಂದ ಅಳೆಯಲಿ, ಅಥವಾ ಹತ್ತನೇ ತರಗತಿಯವರು ತ್ರಿಕೋನಮಿತಿಯಿಂದ ಲೆಕ್ಕ ಮಾಡಲಿ. ಕೋನಗಳ ವ್ಯತ್ಯಾಸ ಸುಮಾರು 3 ಡಿಗ್ರಿ, ಎರಡು ಊರುಗಳ ಅಕ್ಷಾಂಶದ ವ್ಯತ್ಯಾಸದಷ್ಟೇ. 3 ಡಿಗ್ರಿಗೆ 330 ಕಿಲೋಮೀಟರ್ ಆದರೆ 360 ಡಿಗ್ರಿಗೆ? 39,600 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000. ಒಂದು ಕೋಲು, ಒಂದು ಟೇಪು, ಒಂದು ವಿಡಿಯೊ ಕಾಲ್!

ಕೋನದಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಉತ್ತರ ಸಾವಿರಾರು ಕಿಲೋಮೀಟರ್ ಆಚೀಚೆ ಆಗುತ್ತದೆ. ಆದ್ದರಿಂದ ಪ್ರತಿ ಶಾಲೆಯಲ್ಲೂ ನಾಲ್ಕೈದು ಗುಂಪು ಬೇರೆ ಬೇರೆ ಕೋಲಿನಲ್ಲಿ ಅಳೆದು ಸರಾಸರಿ ತೆಗೆಯಬೇಕು.

ಇದಕ್ಕೆ ಜೋಡಿಯಾಗಿ ಶೂನ್ಯ ನೆರಳಿನ ದಿನವೂ ಇದೆ. ಮಂಗಳೂರಿನಲ್ಲಿ ಏಪ್ರಿಲ್ 24, ಉಡುಪಿಯಲ್ಲಿ ಏಪ್ರಿಲ್ 25ರ ಸುಮಾರಿಗೆ, 12 ಗಂಟೆ 28-29 ನಿಮಿಷದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಆಗ ಬೇಸಿಗೆ ರಜೆ, ಹಾಗಾಗಿ ಮನೆಯಂಗಳದಲ್ಲಿ ಮಾಡಿ ಫೋಟೊ ಕಳಿಸಲು ಹೇಳಿ. ಆಗಸ್ಟ್ 17-18ರ ಸುಮಾರಿಗೆ ಮತ್ತೊಮ್ಮೆ ಬರುತ್ತದೆ. ಶಾಲೆ ಇರುತ್ತದೆ, ಮೋಡ ಬಿಟ್ಟರೆ ಅದೃಷ್ಟ. ಈ ವಿಷಯ ಹಿಡಿಸಿದ ಮಕ್ಕಳನ್ನು ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೂ, ಅಲ್ಲೇ ಇರುವ ಸ್ವಾಮಿ ವಿವೇಕಾನಂದ ತಾರಾಲಯಕ್ಕೂ ಕರೆದುಕೊಂಡು ಹೋಗಿ. ನೆರಳು ಅಳೆದು ಹೋದ ಮಕ್ಕಳು ಅಲ್ಲಿ ಕೇಳುವ ಪ್ರಶ್ನೆಗಳೇ ಬೇರೆ.

ಜೊತೆ ಶಾಲೆಯನ್ನು ನವೆಂಬರ್ ಒಳಗೇ ಗೊತ್ತು ಮಾಡಿಕೊಳ್ಳಿ. ಬೆಳಗಾವಿ ಕಡೆ ಪರಿಚಯದ ಶಿಕ್ಷಕರು, ತರಬೇತಿಯಲ್ಲಿ ಸಿಕ್ಕವರು ಯಾರಾದರೂ ಇದ್ದೇ ಇರುತ್ತಾರೆ. ಒಂದು ದಿನ ಮೋಡ ಕವಿದರೆ ಕೆಟ್ಟಿತು ಎಂದಾಗಬಾರದು, ಅದಕ್ಕೆ ಮೂರು ದಿನ ಮೊದಲೇ ಗುರುತು ಮಾಡಿಡಿ. ಕೋಲು ಎರಡೂ ಕಡೆ 1 ಮೀಟರ್ ಇದೆಯೇ ಎಂದು ಹಿಂದಿನ ದಿನ ಫೋನ್ ಮಾಡಿ ಕೇಳಿ. ನೆರಳಿನ ಉದ್ದವನ್ನು ಎರಡೂ ಕಡೆಯವರು ಲೆಕ್ಕ ಮುಗಿಯುವ ಮೊದಲೇ ಪರಸ್ಪರ ಕಳಿಸಿಬಿಡಲಿ, ಆಮೇಲೆ ಯಾರೂ ತಿದ್ದುವ ಹಾಗಿಲ್ಲ.